ಖಾನಾಪುರದಿಂದ ತಂದ ಗ್ರಂಥಿಗಳು

ಹಿತ್ತಲ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅಂಚೆಯವನು ಬಂದಾಗ ನನ್ನ ಎರಡೂ ಕೈ ಅಂಟಾಗಿದ್ದವು. ಅತ್ತೆಯವರೇ ಹೋಗಿ ಲಕೋಟೆ ಇಸಿದುಕೊಂಡು, ನಡುಮನೆಯಲ್ಲಿ ಮಲಗಿದ್ದ ಮಗಳ ಕೈಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು.

"ವೈನೀ, ಕೈ ತೊಳಕೊಂಡು ಸ್ವಲ್ಪ ಬರ್ರಿ ಇಲ್ಲಿ."

ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ. ಆ ದನಿ ಕೇಳಿ ಕೈ ತೊಳೆಯದೆಯೇ ಹೋದೆ.

ಇದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗಿನ ಮಾತು. ಬೆಳಗಾವಿಯ ಅನಗೋಳದಲ್ಲಿ ನಮ್ಮ ಮನೆ. ಯಜಮಾನರು ಪರ ಊರಿಗೆ ವರ್ಗವಾಗಿ ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ, ಹೆರಿಗೆಗೆಂದು ತವರಿಗೆ ಬಂದಿದ್ದ ನಾದಿನಿ, ಮೂವರೇ. ಅವಳಿಗೆ ಏಳು ತಿಂಗಳು ತುಂಬಿತ್ತು. ರಕ್ತದೊತ್ತಡ ಏರಿ ಕಾಲು ಬಾತಿದ್ದವು. ಎಡಮಗ್ಗುಲಿಗೆ ಮಲಗಿಯೇ ಇರಬೇಕು, ಚಿಂತೆ ಮಾಡಬಾರದು ಎಂದು ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದರು. ಮಲಗುವುದು ಅವಳ ಕೈಯಲ್ಲಿತ್ತು. ಚಿಂತೆ ಮಾತ್ರ ಆ ಲಕೋಟೆಯಲ್ಲಿ ಬಂದಿತ್ತು.

ಅವಳು ನಾಲ್ಕು ವರ್ಷ ದುಡಿದು ಪಿಎಚ್.ಡಿ. ಪ್ರಬಂಧ ಬರೆದು ಒಪ್ಪಿಸಿದ್ದಳು. ಕುರಿಯ ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಹುರುಳಿಕಾಯಿಯ ಬೀಜದಷ್ಟು ದೊಡ್ಡ ಗ್ರಂಥಿ ಒಂದೊಂದು ಇರುತ್ತದೆ. ಪ್ರಾಣಿ ಬೆದರಿದಾಗ ಎದೆ ಡವಡವ ಎನ್ನಿಸುವ ಅಡ್ರಿನಲಿನ್ ಹುಟ್ಟುವುದು ಅಲ್ಲಿ. ಅದರ ಜೊತೆಗೆ ಅದರದೇ ತಂಗಿಯಂಥ ನಾರ್‌ಅಡ್ರಿನಲಿನ್ ಇರುತ್ತದೆ. ಇವೆರಡೂ ಲೋಕಕ್ಕೆ ಗೊತ್ತಿದ್ದವೇ. ನಮ್ಮ ಕಡೆಯ ಕುರಿಗಳ ಗ್ರಂಥಿಯಲ್ಲಿ ಅವುಗಳನ್ನೇ ಹೋಲುವ ಮೂರನೆಯದೊಂದು ಪದಾರ್ಥ, ಪರೀಕ್ಷೆಯ ಕಾಗದದ ಮೇಲೆ ಏರಿಸಿದಾಗ, ಮಂಕು ಕಲೆಯಾಗಿ ಕಾಣುತ್ತದೆ ಎಂಬುದು ನಾದಿನಿಯ ಮಾತು. ಪರೀಕ್ಷಕರು ಒಪ್ಪಿರಲಿಲ್ಲ. ಇನ್ನು ಮೂರು ವಾರ ಬಿಟ್ಟು ಬೆಳಗಾವಿಗೆ ಬರುತ್ತೇನೆ, ಹೊಸ ಗ್ರಂಥಿಗಳಿಂದ ತೆಗೆದ ಹೊಸ ಕಾಗದ ತೋರಿಸಿ, ಇಲ್ಲವಾದರೆ ಪ್ರಬಂಧ ಹಿಂತಿರುಗಿಸುತ್ತೇನೆ ಎಂದು ಬರೆದಿದ್ದರು.

"ನಾ ಹೋಗ್ತೀನಿ," ಎಂದು ನಾದಿನಿ ಎದ್ದು ಕುಳಿತಳು.

"ಕುಂದರಬ್ಯಾಡ, ಮಲಕ್ಕೊ!" ಅತ್ತೆ ಅವಳ ಭುಜ ಹಿಡಿದು ಒತ್ತಿದರು. "ಕೂಸು ಹೊಟ್ಟ್ಯಾಗ ಐತಿ, ಕಾಗದ ಕಾಲೇಜಿನ್ಯಾಗ ಐತಿ. ಯಾವುದು ಮೊದಲ?"

"ಮತ್ತ ಯಾರು ಮಾಡೋರವ್ವ? ನಿನಗ ಬರ್ತೈತೇನು?"

ಅತ್ತೆ ನನ್ನ ಕಡೆ ತಿರುಗಿದರು. ಮದುವೆಗೆ ಮುಂಚೆ ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಆ ವಿದ್ಯೆ ಎಂಟು ವರ್ಷದಿಂದ ಹಾಲು ಒಡೆದಿದ್ದೇಕೆ ಎಂದು ಹೇಳುವುದಕ್ಕಷ್ಟೇ ಉಪಯೋಗಕ್ಕೆ ಬಂದಿತ್ತು.

ಮರುದಿನ ಕಾಲೇಜಿಗೆ ಹೋಗಿ ನಾದಿನಿಯ ಗೈಡ್ ಸರ್ ಅವರನ್ನು ಕಂಡೆ. ತೆಳ್ಳಗಿನ, ಮಿತಮಾತಿನ ಮನುಷ್ಯ. ನನ್ನ ಹಣೆಯ ವಿಭೂತಿಯನ್ನೂ ಕೈಯಲ್ಲಿದ್ದ ಕಾಯಿಪಲ್ಯದ ಚೀಲವನ್ನೂ ನೋಡಿದರು.

"ಬ್ಯಾರೆಯವರು ಮಾಡಿದ್ರ ನಡೀತದೇನ್ರಿ ಸರ್?" ಎಂದೆ.

"ನಡೀತದ. ಖರೇ ಇದ್ದದ್ದು ಯಾರ ಕೈಯಾಗಾದ್ರೂ ಬರಬೇಕು. ಬರಲಿಲ್ಲಂದ್ರ ಅದು ಖರೇ ಅಲ್ಲ."

ಆಗ ಆ ಮಾತು ಧೈರ್ಯ ಹೇಳಿದಂತೆ ಕೇಳಿಸಿತು. ಅದರ ಇನ್ನೊಂದು ಅಂಚು ಆಮೇಲೆ ತಾಕಿತು.

ಗ್ರಂಥಿ ತಂದುಕೊಡುತ್ತಿದ್ದ ಕಾಲೇಜಿನ ಸಿಪಾಯಿ ಮಗಳ ಮದುವೆಗೆಂದು ಊರಿಗೆ ಹೋಗಿದ್ದ. ಉಳಿದವರಾರೂ ಆ ಕೆಲಸಕ್ಕೆ ಒಪ್ಪಲಿಲ್ಲ. ನನಗೆ ಖಾನಾಪುರ ನೆನಪಾಯಿತು. ಅದು ನನ್ನ ತವರು. ನಮ್ಮ ತಂದೆ ಅಲ್ಲಿ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಅವರು ತೀರಿಕೊಂಡ ಮೇಲೂ ಅಲ್ಲಿಯ ಮಟನ್ ಅಂಗಡಿಯ ಕಾಕಾ ನಮ್ಮವರನ್ನು ಮರೆತಿರಲಿಲ್ಲ. ಕಾಕಾನ ಕುರಿಗಳಿಗೆ ಜಡ್ಡು ಬಂದಾಗಲೆಲ್ಲ ಅಪ್ಪನೇ ಮದ್ದು ಹಾಕಿದ್ದು. ಸಂತೆಯ ದಿನ ಮಾತ್ರ ಅವರು ಹತ್ತು ಹನ್ನೆರಡು ಕುರಿ ಕಡಿಯುತ್ತಿದ್ದರು. ಮೂರು ವಾರಕ್ಕೆ ಮೂರು ಸಂತೆ. ಮೂರೇ ಅವಕಾಶ.

ನಮ್ಮದು ಲಿಂಗವಂತರ ಮನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಅಂಥ ಅಂಗಡಿಯ ಮುಂದೆ ಹೇಗೆ ನಿಲ್ಲಲಿ ಎಂದು ಅತ್ತೆಯವರನ್ನೇ ಕೇಳಿದೆ. ಅವರು ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ನಿಂದರ್ತಿ, ತಗೊಂಡು ಬರ್ತಿ, ಜಳಕಾ ಮಾಡ್ತಿ. ಶಿವಗೇನು ಖಾನಾಪುರದ ಹಾದಿ ಗೊತ್ತಿಲ್ಲೇನು?"

ಮೊದಲ ಸಂತೆಗೆ ಬೆಳಗಿನ ಗಾಡಿಯಲ್ಲಿ ಹೊರಟೆ. ಚೀಲದಲ್ಲಿ ಅಗಲ ಬಾಯಿಯ ಥರ್ಮಾಸು, ಅದರ ತುಂಬ ಬರ್ಫಿನ ಗಡ್ಡೆ. ದೇಸೂರು ದಾಟಿದ ಮೇಲೆ ಮುಚ್ಚಳ ತೆಗೆದು ನೋಡಿದೆ. ಬರ್ಫು ಹಾಗೇ ಇತ್ತು. ಶಿವಾ, ಇಷ್ಟಾಯಿತಲ್ಲ ಎಂದುಕೊಂಡೆ. ಅಂಗಡಿಯ ಹತ್ತಿರ ಹೋಗಿ, ಸೆರಗು ಮೂಗಿಗೆ ಹಿಡಿದು, ಬೆನ್ನು ತಿರುಗಿಸಿ ನಿಂತು ವಿಷಯ ಹೇಳಿದೆ. ಮೂತ್ರಪಿಂಡದ ಮೇಲಿನ ಕೊಬ್ಬಿನಲ್ಲಿ ಹುದುಗಿರುವ ಆ ಕಾಳು ಕಾಕಾನಿಗೆ ಗೊತ್ತಿತ್ತು. ಎಲ್ಲರೂ ಅದನ್ನು ಕಿತ್ತು ಒಗೆಯುತ್ತಾರಂತೆ.

"ಕಂಪೌಂಡರ್ ಸಾಹೇಬರ ಮಗಳು ನನ್ನ ಅಂಗಡಿಗೆ! ನೀ ಅಲ್ಲೇ ನಿಂದರ ತಂಗಿ, ಈ ಕಡೆ ನೋಡಬ್ಯಾಡ. ನಾ ಎಲ್ಲಾ ಮಾಡಿ ಕೊಡ್ತೀನಿ."

ನನಗೂ ಬೇಕಾಗಿದ್ದದ್ದು ಅದೇ. ಎದುರಿನ ಬಳೆ ಅಂಗಡಿಯ ಗಾಜಿನ ಬಳೆಗಳನ್ನು ನೋಡುತ್ತ ಪಂಚಾಕ್ಷರಿ ಜಪಿಸಿದೆ. ಕಾಕಾ ಹಿಂದಿನಿಂದಲೇ ಡಬ್ಬಿ ಚಾಚಿದರು. ಒಳಗೆ ರಕ್ತದ ಒಂದು ಹನಿಯೂ ಇರಲಿಲ್ಲ. ಎಲೆಯಲ್ಲಿ ಸುತ್ತಿದ ತಿಳಿಹಳದಿ ತುಣುಕುಗಳು, ಸಿಪ್ಪೆ ಸುಲಿದ ಬಾದಾಮಿಯ ಹಾಗೆ ಸ್ವಚ್ಛ. ರಕ್ತ ನೋಡಬೇಕಾಗಲಿಲ್ಲವಲ್ಲ, ಅದನ್ನೂ ದೇವರ ದಯೆಯಲ್ಲೇ ಎಣಿಸಿದೆ.

ಮಧ್ಯಾಹ್ನದೊಳಗೆ ಪ್ರಯೋಗಾಲಯದಲ್ಲಿದ್ದೆ. ನಾದಿನಿ ತನ್ನ ವಹಿಯಲ್ಲಿ ಒಂದೊಂದು ಹೆಜ್ಜೆಯನ್ನೂ ಬರೆದಿದ್ದಳು. ತೂಗಬೇಕು, ಬರ್ಫಿನ ಮೇಲಿಟ್ಟ ಪಿಂಗಾಣಿ ಕಲ್ಲಿನಲ್ಲಿ ಆಮ್ಲ ಹಾಕಿ ಅರೆಯಬೇಕು, ಸೋಸಬೇಕು. ಸೋಸಿದ ನೀರಿಗೆ ಅಲ್ಯುಮಿನಾ ಪುಡಿ ಹಾಕಿ, ಹನಿ ಹನಿ ಕ್ಷಾರ ಬಿಟ್ಟು ಕಲಕಬೇಕು. ಆಗ ಅಡ್ರಿನಲಿನ್ ಜಾತಿಯದೆಲ್ಲ ಪುಡಿಗೆ ಅಂಟಿಕೊಳ್ಳುತ್ತದೆ. ಆದರೆ ಕ್ಷಾರದಲ್ಲಿ ಹೆಚ್ಚು ಹೊತ್ತು ಇದ್ದರೆ ಕೆಟ್ಟುಹೋಗುತ್ತದೆ. "ಆ ಐದು ನಿಮಿಷ ಯಾರು ಕರದ್ರೂ ಓ ಅನಬ್ಯಾಡ್ರಿ ವೈನಿ," ಎಂದು ನಾದಿನಿ ಹತ್ತು ಸಲ ಹೇಳಿದ್ದಳು. ಪುಡಿಯನ್ನು ತೊಳೆದು, ಮತ್ತೆ ಆಮ್ಲ ಹಾಕಿ ಪದಾರ್ಥವನ್ನು ಬಿಡಿಸಿಕೊಂಡು, ಉದ್ದನೆಯ ಕಾಗದದ ಬುಡದಲ್ಲಿ ಸೂಜಿಮೊನೆಯಷ್ಟು ಚುಕ್ಕಿ ಇಡಬೇಕು. ಬಾಜುವಿಗೆ, ಹೋಲಿಸಿ ನೋಡಲು, ಸೀಸೆಯಿಂದ ತೆಗೆದ ಅಡ್ರಿನಲಿನ್ನಿನದೊಂದು ಚುಕ್ಕಿ, ನಾರ್‌ಅಡ್ರಿನಲಿನ್ನಿನದೊಂದು ಚುಕ್ಕಿ. ಆ ಕಾಗದವನ್ನು ಗಾಜಿನ ತೊಟ್ಟಿಯಲ್ಲಿ ಬ್ಯೂಟನಾಲ್ ದ್ರಾವಣಕ್ಕೆ ತಾಗಿಸಿ ನಿಲ್ಲಿಸಿದರೆ, ದೀಪದ ಬತ್ತಿಗೆ ಎಣ್ಣೆ ಏರುವಂತೆ ದ್ರಾವಣ ಏರುತ್ತದೆ. ಒಂದೊಂದು ಪದಾರ್ಥವೂ ತನ್ನ ತನ್ನ ಎತ್ತರಕ್ಕೆ ಹೋಗಿ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಕಾಗದ ಒಣಗಿಸಿ ಮದ್ದು ಸಿಂಪಡಿಸಿದೆ. ಸೀಸೆಯ ಅಡ್ರಿನಲಿನ್ ಮೇಲ್ಗಡೆ ಗುಲಾಬಿಯಾಗಿ ಎದ್ದಿತು. ಅದರ ತಂಗಿ ಕೆಳಗೆ ಕನಕಾಂಬರಕ್ಕೂ ನೇರಳೆಗೂ ನಡುವಿನ ಬಣ್ಣದಲ್ಲಿ ಎದ್ದಳು. ನನ್ನ ಗ್ರಂಥಿಗಳ ಸಾಲು ಖಾಲಿ. ಮೂರನೆಯ ಕಲೆ ಹಾಗಿರಲಿ, ಇರಲೇಬೇಕಾದ ಎರಡೂ ಇರಲಿಲ್ಲ.

"ಬರ್ಫು ಸಾಲದಾಗೇದ," ಎಂದರು ಸರ್.

ಎರಡನೆಯ ಸಂತೆಗೆ ಎರಡು ಥರ್ಮಾಸು ಒಯ್ದೆ. ಬೇಗ ತಲುಪಬೇಕೆಂದು ಬರುವಾಗ ಬಸ್ಸು ಹಿಡಿದೆ. ಪೀರನವಾಡಿಯ ಹತ್ತಿರ ಗಾಲಿ ಪಂಕ್ಚರ್ ಆಗಿ ಬಸ್ಸು ನಿಂತಾಗ, ಒಂದು ಹಾಲಿನ ಟೆಂಪೋದವನು ಕ್ಯಾನುಗಳ ನಡುವೆ ಜಾಗ ಮಾಡಿಕೊಟ್ಟ. "ಏನ್ರಿ ಬಾಯಾರ, ಥರ್ಮಾಸಿನ್ಯಾಗ ಚಹಾ ಐತೇನು?" ಎಂದ. ಹೂಂ ಎಂದೆ. ಸುಳ್ಳಿಗೆ ಶಿವನ ಕ್ಷಮೆ ಕೇಳಿದೆ. ಪ್ರಯೋಗಾಲಯದಲ್ಲಿ ಕ್ಷಾರ ಹಾಕಿದ ಐದು ನಿಮಿಷ ಉಸಿರನ್ನೂ ಬಿಗಿಹಿಡಿದಿದ್ದೆ. ಮರುದಿನ ಮತ್ತೆ ಆ ಸಾಲು ಖಾಲಿ.

ಸರ್ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕಪಾಟಿನಿಂದ ನಾದಿನಿಯ ಹಳೆಯ ಕಾಗದಗಳನ್ನು ತೆಗೆದು ಬಾಜುವಿಗೆ ಹರವಿದರು. ಅವುಗಳಲ್ಲಿ ಮೂರು ಕಲೆಗಳೂ ಇದ್ದವು.

"ತಪ್ಪು ತಿಳೀಬ್ಯಾಡ್ರಿ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಇವು ಗ್ರಂಥಿಯಿಂದ ಬಂದವೋ, ಸೀಸೆಯಿಂದ ಬಂದವೋ ಅಂತ ಪರೀಕ್ಷಕರು ಕೇಳಿದ್ರ ನಾ ಏನು ಹೇಳ್ಲಿ?"

"ನಮ್ಮ ಹುಡುಗಿ ಅಂಥಾಕಿ ಅಲ್ರಿ ಸರ್."

"ನನಗೂ ಹಂಗ ಅನಿಸ್ತದ. ಆದ್ರ ಕಾಗದ ಹೇಳವಲ್ದಲ್ಲ."

ಪ್ರಬಂಧ ಹಿಂತಿರುಗಿ ಬರುವುದು ಒಂದು ಮಾತು. ಕಳ್ಳ ಲೆಕ್ಕ ಬರೆದಳು ಎಂಬ ಹೆಸರು ಬರುವುದು ಬೇರೆಯೇ ಮಾತು. ಆ ಹೆಸರು ಅಂಟಿದರೆ ಯಾವ ಪ್ರಯೋಗಾಲಯದಲ್ಲೂ ಅವಳನ್ನು ಸೇರಿಸುವುದಿಲ್ಲ.

ಮನೆಗೆ ಬಂದು ಮುಖ ಒರೆಸಿಕೊಂಡೇ ಒಳಗೆ ಹೋದೆ. "ಇನ್ನೂ ಕಾಗದ ಒಣಗಿಲ್ಲ," ಎಂದೆ.

"ವೈನಿ, ಆ ಕಾಗದ ಒಣಗಾಕ ಅರ್ಧ ತಾಸು ಸಾಕು. ನಿಮಗ ಸುಳ್ಳು ಹೇಳಾಕ ಬರೂದಿಲ್ಲ." ನಾದಿನಿ ಗೋಡೆಯ ಕಡೆ ತಿರುಗಿದಳು. "ಸರ್ ಏನಂದ್ರು? ನಾ ಸೀಸೇದಾಗಿಂದು ತಗದು ಚುಕ್ಕಿ ಇಟ್ಟೀನಿ ಅಂದ್ರೇನು?"

ನಾನು ಅವಳ ಹೊದಿಕೆ ಸರಿಮಾಡಿದೆ.

"ನೀವೇನಂತೀರಿ?"

"ನಾ ಹಂಗ ಅನ್ನೂದಿಲ್ಲ," ಎಂದೆ. ಆದರೆ ಇಲ್ಲಿ ಖರೇ ಹೇಳಬೇಕು. ಬರುವ ದಾರಿಯಲ್ಲಿ, ರೈಲ್ವೆ ಗೇಟು ಹಾಕಿದ್ದಾಗ ಅಲ್ಲಿ ನಿಂತು, ಒಂದು ಕ್ಷಣ ನಾನೂ ಸಂಶಯ ಪಟ್ಟಿದ್ದೆ. ಅದನ್ನು ಅವಳಿಗೆ ಎಂದೂ ಹೇಳಿಲ್ಲ. ಪೂಜೆಗೆ ಕುಳಿತಾಗ ಅಂಗೈಯೊಳಗಿನ ಲಿಂಗಕ್ಕೆ ಹೇಳಿದ್ದೇನೆ, ಅಷ್ಟೇ.

ಸಂಶಯ ಪಟ್ಟ ಪಾಪಕ್ಕೆ ಪ್ರಾಯಶ್ಚಿತ್ತವೆಂದೋ ಏನೋ, ಮರುದಿನ ಯಾರೂ ಹೇಳದೆಯೇ ಒಂದು ಕೆಲಸ ಮಾಡಿದೆ. ಎರಡನೆಯ ಸಂತೆಯ ಗ್ರಂಥಿ ಅರೆದು ಸೋಸಿದ್ದರಲ್ಲಿ ಸ್ವಲ್ಪ ಬರ್ಫಿನಲ್ಲಿ ಉಳಿದಿತ್ತು. ಅದನ್ನು ಎರಡು ಪಾಲು ಮಾಡಿ, ಒಂದಕ್ಕೆ ಸೀಸೆಯ ಅಡ್ರಿನಲಿನ್ ಬೇಕೆಂದೇ ಬೆರೆಸಿ, ಎರಡನ್ನೂ ಅದೇ ದಾರಿಯಲ್ಲಿ ನಡೆಸಿದೆ. ಬೆರೆಸಿದ್ದು ಗುಲಾಬಿಯಾಗಿ ಬಂತು, ಬೆರೆಸದ್ದು ಖಾಲಿ. ಸಾರು ಸಪ್ಪಗಿದ್ದಾಗ ಹೆಂಗಸರು ಮಾಡುವುದೂ ಇದನ್ನೇ. ಒಂದು ಸೌಟಿಗೆ ಉಪ್ಪು ಹಾಕಿ ನೋಡುತ್ತೇವೆ. ರುಚಿ ಬಂದರೆ ನಾಲಿಗೆ ಕೆಟ್ಟಿಲ್ಲ, ಸಾರಿಗೆ ಉಪ್ಪೇ ಬಿದ್ದಿಲ್ಲ. ಅಂದರೆ ನನ್ನ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ. ನಾನು ತಂದ ತುಣುಕುಗಳಲ್ಲಿ ಆ ಪದಾರ್ಥ ಇರಲೇ ಇಲ್ಲ.

ಯಾಕಿರಲಿಲ್ಲ? ನಾದಿನಿಯ ವಹಿ ತಿರುವಿದೆ. ಅವಳು ಪ್ರತಿ ಸಲವೂ ಇಪ್ಪತ್ತು ಗ್ರಂಥಿಗಳ ತೂಕ ಬರೆದಿದ್ದಳು. ನಾನೂ ಎರಡು ಸಲ ಇಪ್ಪತ್ತೇ ತೂಗಿದ್ದೆ. ನನ್ನವು ಅವಳವುಗಳ ಮುಕ್ಕಾಲು ಪಾಲೂ ಇರಲಿಲ್ಲ. ಕಾಕಾ ಎಳೆ ಕುರಿಗಳದ್ದು ಕೊಡುತ್ತಿದ್ದಾರೆಯೇ? ಅಥವಾ ಅದು ಆ ಗ್ರಂಥಿಯೇ ಅಲ್ಲವೇ? ಗ್ರಂಥಿ ಕುರಿಯ ಹೊಟ್ಟೆಯಿಂದ ಹೊರಬರುವುದನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಎರಡು ಸಂತೆ ನೋಡಿದ್ದು ಬಳೆಗಳನ್ನು.

ಮೂರನೆಯ ಸಂತೆ. ಎರಡು ದಿನ ಬಿಟ್ಟು ಪರೀಕ್ಷಕರು ಬರುವವರಿದ್ದರು. ಅಂಗಡಿಯ ಮುಂದೆ ಕಾಕಾ ಎಂದಿನಂತೆ, "ಆ ಕಡೆ ತಿರಗಿ ನಿಂದರ ತಂಗಿ," ಎಂದರು. ತಿರುಗಿ ನಿಂತೆ. ಚೂರಿಯ ಸಪ್ಪಳ ಕೇಳುತ್ತಿತ್ತು. ಸೆರಗಿನ ಒಳಗೆ ಕೈ ಹಾಕಿ ಲಿಂಗ ಮುಟ್ಟಿಕೊಂಡೆ. ಮೂಗಿನಿಂದ ಸೆರಗು ಬಿಟ್ಟು ತಿರುಗಿದೆ.

ಮರದ ದಿಮ್ಮಿಯ ಮೇಲೆ ಕಾಕಾ ಒಂದೊಂದೇ ಕಾಳನ್ನು ಇಡುತ್ತಿದ್ದರು. ಕೊಬ್ಬು ಬಿಡಿಸಿದ ಇಡೀ ಗ್ರಂಥಿ, ದುಂಡಗೆ, ಕೆಂಚಗೆ. ಚೂರಿಯ ತುದಿಯಿಂದ ಅದನ್ನು ಉದ್ದಕ್ಕೆ ಸೀಳಿ, ಹೆಬ್ಬೆರಳಿನಿಂದ ಒಳಗಿನ ಕಪ್ಪು ತಿರುಳನ್ನು ಕೆರೆದು ಗಟಾರಕ್ಕೆ ಒಗೆದರು. ಉಳಿದ ಸಿಪ್ಪೆಯನ್ನು ಮೂರು ನೀರಿನಲ್ಲಿ ತೊಳೆದು ಎಲೆಯ ಮೇಲೆ ಇಟ್ಟರು.

"ಕಾಕಾ, ತಡೀರಿ!"

ಚೂರಿ ನಿಂತಿತು. "ಯಾಕ ತಂಗಿ? ಈ ಕಡೆ ಯಾಕ ನೋಡಿದಿ?"

"ಒಳಗಿಂದು ಯಾಕ ತಗದ್ರಿ?"

"ಹೊಲಸು ಐತಲ್ಲ. ಕಪ್ಪಂದು, ರಕ್ತದ್ದು." ಕಾಕಾ ನನ್ನ ಮುಖ ನೋಡಿ ಗಾಬರಿಯಾದರು. "ನಿಮ್ಮದು ಲಿಂಗದವರ ಕೈ. ನಿಮ್ಮಪ್ಪ ನನ್ನ ಕುರಿಗೆ ಮದ್ದು ಹಾಕಿದ್ರೂ ನನ್ನ ಅಂಗಡ್ಯಾಗ ನೀರು ಕುಡೀತಿರಲಿಲ್ಲ. ಅವರ ಮಗಳ ಡಬ್ಬ್ಯಾಗ ರಕ್ತ ಹ್ಯಾಂಗ ಹಾಕಲಿ? ಒಂದೊಂದನ್ನ ಉಗುರಲೆ ತೊಳದು ಕೊಟ್ಟೀನಿ. ಅಷ್ಟು ಸ್ವಚ್ಛ ನಾ ನನ್ನ ಮಗಳಿಗೂ ಕೊಟ್ಟಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡ್ರಿನಲಿನ್ ಇರುವುದೇ ಆ ಕಪ್ಪು ತಿರುಳಿನಲ್ಲಿ. ಎರಡು ವಾರ ಅದು ಖಾನಾಪುರದ ಗಟಾರಕ್ಕೆ ಹೋಗಿತ್ತು, ನಾನು ಬರ್ಫಿನಲ್ಲಿಟ್ಟು ಜೋಪಾನವಾಗಿ ಸಿಪ್ಪೆ ಒಯ್ದಿದ್ದೆ. ಕಾಕಾನ ಮರ್ಯಾದೆ, ನನ್ನ ಮಡಿ, ಎರಡೂ ಸೇರಿ ನಾದಿನಿಯನ್ನು ಕಳ್ಳಿ ಮಾಡಿದ್ದವು.

"ಕಾಕಾ, ನನಗ ಬೇಕಾದ್ದು ಆ ಹೊಲಸ."

"ಯಾ ಅಲ್ಲಾ! ಮೊದಲ ಹೇಳಬಾರದೇನ?"

"ನನಗೂ ಈಗ ತಿಳೀತ್ರಿ. ಎಷ್ಟು ಉಳದಾವು?"

ದಿಮ್ಮಿಯ ಮೇಲೆ ಸೀಳದೆ ಉಳಿದಿದ್ದವು ಎರಡೇ. ಸಂತೆಗೆಂದು ಕಡಿಯುವ ಕುರಿಗಳೆಲ್ಲ ಮುಗಿದಿದ್ದವು. ಎರಡರಲ್ಲಿ ಮಂಕು ಕಲೆ ಕಾಣುವುದು ಸಾಧ್ಯವೇ ಇರಲಿಲ್ಲ. ಹಿಂದಿನ ದಾವಣಿಯಲ್ಲಿ ಇನ್ನೂ ಐದು ಕುರಿ ಕಟ್ಟಿದ್ದವು. ಅವು ಮಧ್ಯಾಹ್ನದ ಒಂದು ಮದುವೆಯ ಊಟಕ್ಕೆ. ಕಾಕಾ ಬಿಸಿಲು ನೋಡಿದರು, ನನ್ನ ಥರ್ಮಾಸು ನೋಡಿದರು.

"ಕಡೀಬೇಕಾದ್ದು ಹ್ಯಾಂಗಿದ್ರೂ ಕಡೀಬೇಕು. ಈಗ ಕಡೀತೀನಿ. ಆದ್ರ ನೀ ನೋಡಬ್ಯಾಡ ತಂಗಿ."

"ನೋಡ್ತೀನಿ ಕಾಕಾ. ನೋಡಲಿಲ್ಲ ಅಂದ್ರ ನಡಿಯೂದಿಲ್ಲ."

ನೋಡಿದೆ. ಅದರ ವರ್ಣನೆ ಬೇಡ. ಆ ಜೀವಗಳಿಗೆ ಸದ್ಗತಿ ಕೊಡು ಎಂದು ಬೇಡಿಕೊಂಡದ್ದಂತೂ ಹೌದು. ಕಾಕಾ ಮೂತ್ರಪಿಂಡವನ್ನು ಕೊಬ್ಬಿನ ಸಮೇತ ಎತ್ತಿ ಹಿಡಿದರು, ಯಾರು ಮುಟ್ಟಬೇಕು ಎಂಬಂತೆ ತಡೆದರು. ನಾನೇ ಕೈ ಚಾಚಿದೆ. ಇನ್ನೂ ಬಿಸಿ ಇತ್ತು. ಕೊಬ್ಬು ಸರಿಸಿ ಗ್ರಂಥಿಯನ್ನು ಬಿಡಿಸಿಕೊಂಡು ಹಾಗೇ ಬರ್ಫಿಗೆ ಹಾಕಿದೆ. ಹತ್ತು. ಮೊದಲಿನ ಎರಡು ಸೇರಿ ಹನ್ನೆರಡು. ಕಾಕಾ ತಮ್ಮ ಕೊಡದಿಂದ ನನ್ನ ಕೈಗೆ ನೀರು ಹಾಕಿದರು. ಬಾಯಾರಿತ್ತು, ಅದೇ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದೆ. ಕಾಕಾ ಕೊಡ ಇನ್ನಷ್ಟು ಬಾಗಿಸಿದರು.

ಬಸ್ಸು ತಡವಾಗಲಿಲ್ಲ. ರೈಲ್ವೆ ಗೇಟು ತೆರೆದಿತ್ತು. ಅರೆಯುವಾಗ ಪಿಂಗಾಣಿ ಕಲ್ಲಿನಲ್ಲಿ ಮೊದಲ ಸಲ ಕಂದು ಬಣ್ಣ ಬಿಟ್ಟಿತು. ಹನ್ನೆರಡೇ ಆದ್ದರಿಂದ ಒಂದೇ ಚುಕ್ಕಿಯ ಮೇಲೆ ಒಣಗಿಸಿ ಒಣಗಿಸಿ ಎಂಟು ಸಲ ಇಟ್ಟೆ. ಹನ್ನೆರಡು ಗ್ರಂಥಿ ಉಳಿಸಿಕೊಟ್ಟ ದೇವರು ಹದಿಮೂರನೆಯದನ್ನು ಕೊಡಲಿಲ್ಲವೆಂದು ದೂರುವುದು ಸರಿಯಲ್ಲ. ಆದರೂ ಇನ್ನು ನಾಲ್ಕಿದ್ದಿದ್ದರೆ ಎಂದು ಅನ್ನಿಸದೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಸರ್ ನನಗಿಂತ ಮೊದಲೇ ಬಂದಿದ್ದರು. ಮದ್ದು ಸಿಂಪಡಿಸುವ ಬುರುಡೆಯನ್ನು ನನ್ನ ಕೈಗೇ ಕೊಟ್ಟು ಪಕ್ಕಕ್ಕೆ ನಿಂತರು. ಸೀಸೆಯ ಎರಡು ಕಲೆಗಳು ಎದ್ದವು. ನಮ್ಮ ಸಾಲು ಬಿಳಿಯಾಗಿಯೇ ಇತ್ತು. ಎಣಿಸತೊಡಗಿದೆ. ಹನ್ನೆರಡು ಎಣಿಸುವಷ್ಟರಲ್ಲಿ, ಮೇಲ್ಗಡೆ, ಸೀಸೆಯ ಅಡ್ರಿನಲಿನ್ನಿನ ಎತ್ತರದಲ್ಲೇ ಗುಲಾಬಿ ಮೂಡಿತು. ಕೆಳಗೆ ಅದರ ತಂಗಿ. ಸರ್ ಕನ್ನಡಕ ಹಣೆಗೇರಿಸಿ ಕಾಗದಕ್ಕೆ ಮುಖ ತಂದರು. ಎರಡರ ನಡುವೆ, ನೀರಲ್ಲಿ ಕಲಸಿದ ಕುಂಕುಮ ಒರೆಸಿಟ್ಟ ಹಾಗೆ, ಇದೆಯೋ ಇಲ್ಲವೋ ಎಂಬಂತೆ ಮೂರನೆಯದು.

"ನಿಮಗ ಕಾಣ್ತದೇನು?" ಎಂದರು.

"ಮಂಕಾಗಿ ಕಾಣ್ತೈತ್ರಿ."

"ಮಂಕಾಗಿ ಅಂತನ ಬರೀರಿ." ಪೆನ್ಸಿಲಿನಿಂದ ಮೂರು ಕಲೆಗಳ ಸುತ್ತ ತಾವೇ ಗೆರೆ ಎಳೆದರು. ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಆಮೇಲೆ, "ಮೊದಲಿನ ಎರಡು ಯಾಕ ಖಾಲಿ ಬಂದ್ವು?" ಎಂದು ಕೇಳಿದರು.

ಕಾಕಾನ ವಿಷಯ ಹೇಳಿದೆ, ನನ್ನ ಬಳೆ ಅಂಗಡಿಯನ್ನೂ ಬಿಡಲಿಲ್ಲ. ಆ ಮನುಷ್ಯ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಖಾಲಿ ಕಾಗದಗಳನ್ನು ಕಸದಿಂದ ತೆಗೆಸಿ, "ಸಿಪ್ಪೆ ಮಾತ್ರ, ತಿರುಳಿಲ್ಲ" ಎಂದು ನನ್ನ ಕೈಯಿಂದಲೇ ಬರೆಸಿದರು. "ಇವನ್ನೂ ಹಚ್ಚೂಣು. ಮೂರೂ ತಿರುಳಿನಿಂದನ ಬರ್ತಾವು, ಸಿಪ್ಪೆಯಿಂದಲ್ಲ, ಅನ್ನೂದಕ್ಕ ಇದಕ್ಕಿಂತ ಸಾಕ್ಷಿ ಬ್ಯಾಡ." ಮರುದಿನ ಬಂದ ಪರೀಕ್ಷಕರು ಆ ಮೂರು ಕಾಗದಗಳನ್ನೂ ಜೊತೆಗೆ ಒಯ್ದರು, ಪ್ರಬಂಧ ಹಿಂತಿರುಗಿಸುವ ಮಾತು ಮತ್ತೆ ಎತ್ತಲಿಲ್ಲ.

ಆದರೆ ಅದು ಮರುದಿನದ ಮಾತು. ಕಲೆ ಎದ್ದ ದಿನ ಹನ್ನೊಂದು ಗಂಟೆಗೆ ನಾನು ಮನೆಯಲ್ಲಿದ್ದೆ. ನಾದಿನಿ ಎಡಮಗ್ಗುಲಿಗೆ ಮಲಗಿ ಬಾಗಿಲ ಕಡೆಯೇ ನೋಡುತ್ತಿದ್ದಳು.

"ಮೂರೂ ಬಂದಾವು," ಎಂದೆ. "ಸರ್ ಸಹಿ ಹಾಕ್ಯಾರ."

ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆಯದೆಯೇ, "ವೈನಿ, ನೀವು ಒಮ್ಮೆರ ನನ್ನ ಮ್ಯಾಲೆ ಸಂಶಯ ಪಟ್ರೇನು?" ಎಂದಳು.

ನಾನು ಅವಳ ಬಾತ ಪಾದದ ಮೇಲೆ ಕೈ ಇಟ್ಟೆ. ಆ ಕೈಯನ್ನು ಅವಳು ಸರಿಸಲಿಲ್ಲ.

ಅಡುಗೆಮನೆಯಿಂದ ಅತ್ತೆ ಕೂಗಿದರು. "ಕರೆಂಟ್ ಬಂದೈತಿ, ಗಿರಣಿ ಚಾಲೂ ಆತು! ರೊಟ್ಟಿಗೆ ಹಿಟ್ಟಿಲ್ಲ, ಹೋಗ್ತಿಯೋ ನಾನ ಹೋಗಲೋ?"

ಜೋಳದ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಗಿರಣಿಗೆ ಹೋದೆ. ನನ್ನ ಮುಂದೆ ಏಳು ಡಬ್ಬಿಗಳಿದ್ದವು. ಎಂಟನೆಯದಾಗಿ ನನ್ನದನ್ನು ಇಟ್ಟು ನಿಂತೆ.